ಅಮ್ಮನ ಆಸ್ಪತ್ರೆ ಫೋಟೋಗಳನ್ನು ಅಳಿಸಬೇಡಿ

ಅಮ್ಮ ಸ್ತನ ಕ್ಯಾನ್ಸರ್‌ನಿಂದ ತೀರಿಕೊಂಡು ಎಂಟು ತಿಂಗಳಾಯಿತು, ಆಸ್ಪತ್ರೆ ದಿನಗಳನ್ನು ಮರೆತು ಅವರು ಚೆನ್ನಾಗಿದ್ದ ಕಾಲವನ್ನೇ ನೆನಪಿಟ್ಟುಕೊಳ್ಳೋದು ಹೇಗೆ, ಫೋನಿನಲ್ಲಿರೋ ಆಸ್ಪತ್ರೆ ಫೋಟೋಗಳನ್ನು ಅಳಿಸಿಬಿಡಲಾ ಅಂತ ಕೇಳಿದ್ದೀರಿ. ಬೇಡ. ದಯವಿಟ್ಟು ಬೇಡ. ನೀವೂ ನಮ್ಮ ಹಾಗೆ ಚರ್ಚಿಗೆ ಹೋಗುವವರು ಅಂತ ಬರೆದಿದ್ದೀರಿ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನಮ್ಮಪ್ಪ ಕೊಡಗಿನ ಗೋಣಿಕೊಪ್ಪದ ಹತ್ತಿರ ಒಂದು ಕಾಫಿ ತೋಟದಲ್ಲಿ ರೈಟರ್ ಆಗಿದ್ದರು. 31 ವರ್ಷ ಚೆಕ್‌ರೋಲ್ ಬರೆದವರು. ಯಾರು ಪೂರ್ತಿ ದಿನ ಬಂದರು, ಯಾರು ಅರ್ಧ ದಿನ, ಯಾರು ಬರಲಿಲ್ಲ, ಎಲ್ಲ ಅವರ ಕೈಯಲ್ಲೇ. ತಿಂದಿದ್ದು ಎದೆಯಲ್ಲಿ ಸಿಕ್ಕಿಕೊಂಡ ಹಾಗಾಗುತ್ತೆ ಅಂತ ಶುರುವಾಯಿತು. ಮೊದಲು ಕಡುಬು ಇಳಿಯಲಿಲ್ಲ, ಆಮೇಲೆ ಅನ್ನ, ಆಮೇಲೆ ಗಂಜಿಯೂ ಕಷ್ಟವಾಯಿತು. ಅನ್ನನಾಳದ ಕ್ಯಾನ್ಸರ್. ಮನೆಯಲ್ಲಿ ಆ ಹೆಸರನ್ನು ಯಾರೂ ಎತ್ತುತ್ತಿರಲಿಲ್ಲ, ‘ಗಂಟಲು ತೊಂದರೆ’ ಅನ್ನುತ್ತಿದ್ದೆವು.

ಮೈಸೂರಿನಲ್ಲಿ 25 ಸಲ ರೇಡಿಯೇಷನ್ ಆಯಿತು. ವಾರವಿಡೀ ಅಲ್ಲೇ ಒಂದು ಬಾಡಿಗೆ ರೂಮು, ಶನಿವಾರ ಊರಿಗೆ, ಸೋಮವಾರ ಬೆಳಗಿನ ಬಸ್ಸಿಗೆ ಮತ್ತೆ ವಾಪಸ್. ತಿತಿಮತಿ ದಾಟಿ ಆನೆಚೌಕೂರು ಕಾಡು ಶುರುವಾದರೆ ಅಪ್ಪ ಮಾತಾಡೋಕೆ ಶುರು ಮಾಡುತ್ತಿದ್ದರು. ಇಡೀ ಜೀವನದಲ್ಲಿ ನನ್ನ ಹತ್ತಿರ ಅಷ್ಟು ಮಾತಾಡಿದವರಲ್ಲ. ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದ ಕ್ರೈಸ್ತರಿಗೆ ಕೊಡಗಿನ ರಾಜ ದೊಡ್ಡವೀರರಾಜೇಂದ್ರ ವಿರಾಜಪೇಟೆಯಲ್ಲಿ ಜಾಗ ಕೊಟ್ಟಿದ್ದು, 1792ರಲ್ಲಿ ಅಲ್ಲಿ ಸಂತ ಅನ್ನಮ್ಮನವರ ಚರ್ಚ್ ಶುರುವಾಗಿದ್ದು, ಅದೇ ಚರ್ಚಿನಲ್ಲಿ ತನ್ನ ಮದುವೆ ದಿನ ಮಳೆಗೆ ಅಮ್ಮನ ಸೀರೆಯೆಲ್ಲ ಕೆಸರಾಗಿದ್ದು, ಇದೆಲ್ಲ ನನಗೆ ಗೊತ್ತಾಗಿದ್ದು ರೇಡಿಯೇಷನ್ ಬಸ್ಸಿನಲ್ಲಿ. ಆ ದಿನಗಳನ್ನು ಮರೆಯಬೇಕು ಅಂದರೆ ಈ ಅಪ್ಪನನ್ನೂ ಮರೆಯಬೇಕು.

ಈಗ ನನ್ನ ತಪ್ಪಿಗೆ ಬರುತ್ತೇನೆ. ಡಿಸೆಂಬರಿನಲ್ಲಿ ಅಪ್ಪ “ಫಾದರ್‌ನ ಒಂದ್ಸಲ ಕರೆಸು ಮಗಾ” ಅಂದರು. ಕ್ರಿಸ್ಮಸ್ ಕಳೀಲಿ ಅಂದೆ. ಯಾಕೆ ಹಾಗಂದೆ? ಕಾಯಿಲೆಯವರಿಗೆ ಫಾದರ್ ಪ್ರಾರ್ಥನೆ ಮಾಡಿ ಎಣ್ಣೆ ಹಚ್ಚೋ ಸಂಸ್ಕಾರ ಇದೆಯಲ್ಲ, ನಮ್ಮಜ್ಜಿ ಕಾಲದಿಂದ ಅದನ್ನು ‘ಅಂತ್ಯಾಭ್ಯಂಗ’ ಅಂತಲೇ ಕೇಳಿ ಬೆಳೆದವನು ನಾನು. ಫಾದರ್ ಎಣ್ಣೆ ತಗೊಂಡು ಮನೆಗೆ ಬಂದರು ಅಂದರೆ ಮುಗೀತು ಅಂತಲೇ ಅರ್ಥ. ಕ್ಯಾಥೊಲಿಕ್ ಬಿಷಪರೆಲ್ಲ ಸೇರಿದ್ದ ಎರಡನೇ ವ್ಯಾಟಿಕನ್ ಸಭೆ (1962–65) ಅದನ್ನು ರೋಗಿಗಳ ಅಭ್ಯಂಗ ಅಂತ ಕರೆಯೋದು ಸರಿ ಅಂದಿದೆ, ಸಾಯೋ ಗಳಿಗೆಗೆ ಮಾತ್ರ ಇರೋದಲ್ಲ, ಕಾಯಿಲೆ ಜೋರಾದಾಗಲೇ ತಗೊಳ್ಳಬಹುದು, ಜಾಸ್ತಿಯಾದರೆ ಮತ್ತೊಮ್ಮೆ ತಗೊಳ್ಳಬಹುದು. ನನಗದು ಗೊತ್ತಿರಲಿಲ್ಲ, ಕೇಳಲೂ ಇಲ್ಲ. ಇನ್ನೊಂದು ಯೋಚನೆಯೂ ಇತ್ತು. ಗಂಜಿಯೇ ಇಳಿಯದವರು ಫಾದರ್ ಕೊಡೋ ಪರಮಪ್ರಸಾದದ ರೊಟ್ಟಿ ಹೇಗೆ ನುಂಗುತ್ತಾರೆ, ಸುಮ್ನೆ ಅವರಿಗೆ ಸಂಕಟ ಅಂದುಕೊಂಡೆ. ಆಮೇಲೆ ರೊಬಸ್ಟಾ ಕೊಯ್ಲು ಬಂತು, ಕಣದ ಕೆಲಸ ಅಂತ ಇನ್ನಷ್ಟು ದಿನ ತಳ್ಳಿದೆ. ನಿಜ ಹೇಳಬೇಕು ಅಂದರೆ ಕೆಲಸ ಒಂದು ನೆಪ. ಅಪ್ಪ ಸಾಯುತ್ತಿದ್ದಾರೆ ಅಂತ ಒಪ್ಪಿಕೊಳ್ಳಬೇಕಾಗುತ್ತಲ್ಲ, ಅದು ನನ್ನಿಂದ ಆಗಲಿಲ್ಲ.

ಫೆಬ್ರುವರಿಯಲ್ಲಿ ಫಾದರ್ ಬಂದಾಗ ಅಪ್ಪನಿಗೆ ಪ್ರಜ್ಞೆ ಇರಲಿಲ್ಲ. ಹಣೆಗೆ, ಅಂಗೈಗೆ ಎಣ್ಣೆ ಹಚ್ಚಿದರು. ಪಾಪನಿವೇದನೆ ಇಲ್ಲ, ಪ್ರಸಾದ ಇಲ್ಲ. ಹೊರಗೆ ಬಂದು ಮೆಲ್ಲಗೆ ಹೇಳಿದರು, “ಅಕ್ಕಿಕಾಳಿನಷ್ಟು ಚೂರನ್ನು ಒಂದು ಚಮಚ ನೀರಿನಲ್ಲಿ ಕೊಡಬಹುದಿತ್ತು. ಅದೂ ಆಗದಿದ್ದರೆ ದ್ರಾಕ್ಷಾರಸದ ಒಂದು ಹನಿ ಸಾಕಿತ್ತು.” ಜನವರಿ ಕೊನೆವರೆಗೂ ಅಪ್ಪ ಚಮಚದಲ್ಲಿ ನೀರು ಕುಡಿಯುತ್ತಿದ್ದರು. ಆ ಚಮಚ ಹಿಡಿದು ಕುಡಿಸುತ್ತಿದ್ದವನು ನಾನೇ.

ಸಮಾಧಿ ಆದ ಮೇಲೆ ಅವರ ದಿಂಬಿನ ಕೆಳಗೆ ಹಳೆ ಚೆಕ್‌ರೋಲ್ ಪುಸ್ತಕ ಸಿಕ್ಕಿತು. ಸ್ವರ ಹೋದ ಮೇಲೆ ಏನಾದರೂ ಬೇಕಿದ್ದರೆ ಅದರ ಖಾಲಿ ಹಾಳೆಗಳಲ್ಲೇ ಬರೆದು ತೋರಿಸುತ್ತಿದ್ದರು. ಅದೇ ಪುಸ್ತಕದಲ್ಲಿ ತನ್ನ ಹಾಜರಿಯನ್ನೂ ಹಾಕಿಕೊಂಡಿದ್ದಾರೆ ಅಂತ ನನಗೆ ಗೊತ್ತಿರಲಿಲ್ಲ. ನೋವು ಕಡಿಮೆ ಇದ್ದ ದಿನ ಪೂರ್ತಿ, ಜಾಸ್ತಿ ಇದ್ದ ದಿನ ಅರ್ಧ. ಒಂದು ದಿನಕ್ಕೂ ಗೈರುಹಾಜರಿ ಹಾಕಿಲ್ಲ. ಜನವರಿ 19ರ ಮುಂದೆ ಅರ್ಧ ಅಂತ ಗುರುತು, ಪಕ್ಕದಲ್ಲಿ ‘ಫಾದರ್’ ಅಂತ ಬರೆದು ಕೆಳಗೆ ಎರಡು ಗೆರೆ ಎಳೆದಿದ್ದಾರೆ. ಅದನ್ನು ನನಗೆ ತೋರಿಸಲಿಲ್ಲ. ಕೇಳಿ ಕೇಳಿ ಸಾಕಾಗಿರಬೇಕು.

ಹಾಗಾಗಿ ‘ಚೆನ್ನಾಗಿದ್ದ ದಿನಗಳು’ ಅಂತ ನೀವು ಬೇರೆ ಮಾಡಿ ಇಡೋದನ್ನೇ ನಾನು ಒಪ್ಪುವುದಿಲ್ಲ. ಕಾಯಿಲೆಯ ದಿನಗಳು ಲೆಕ್ಕಕ್ಕಿಲ್ಲ ಅಂತ ನಾನು ಆಗಲೇ ಅಂದುಕೊಂಡಿದ್ದೆ, ಅದಕ್ಕೇ ಅಪ್ಪ ಕೇಳಿದ್ದು ನನ್ನ ಕಿವಿಗೆ ಬೀಳಲಿಲ್ಲ. ಅವರು ಮಾತ್ರ ಒಂದೊಂದನ್ನೂ ಲೆಕ್ಕಕ್ಕೆ ಹಿಡಿದಿದ್ದರು.

ನವೆಂಬರ್ 1ಕ್ಕೆ ಇಲ್ಲಿ ರಾಜ್ಯೋತ್ಸವ, ಮಾರನೇ ದಿನ ಸತ್ತವರ ದಿನ. ಬೆಳಿಗ್ಗೆ ಪೂಜೆ ಮುಗಿಸಿ ಸಿಮೆಟ್ರಿಗೆ ಹೋಗಿ ಹುಲ್ಲು ಕೀಳುತ್ತೇವೆ, ಸೇವಂತಿಗೆ ಇಟ್ಟು ಮೇಣದಬತ್ತಿ ಹಚ್ಚುತ್ತೇವೆ. ಗಾಳಿಗೆ ಆರುತ್ತೆ, ಮತ್ತೆ ಹಚ್ಚುತ್ತೇವೆ. ನನ್ನ ಮಗಳಿಗೆ ಅಲ್ಲೇ ಕೂತು ಆನೆಚೌಕೂರಿನ ಬಸ್ಸಿನ ಕತೆ ಹೇಳುತ್ತೇನೆ, ಅವಳಿಗೆ ತಾತ ಅಂದರೆ ಆ ಬಸ್ಸಿನ ತಾತನೇ.

ನೀವು ಅಮ್ಮನ ಹೆಸರಿನಲ್ಲಿ ಪೂಜೆ ಹೇಳಿಸಿ, ಅದು ಹೇಗೂ ಮಾಡ್ತೀರಿ ಅಲ್ವಾ. ಅದರ ಜೊತೆಗೆ ಕೀಮೋ ವಾರ್ಡಿನಲ್ಲಿ ಅಮ್ಮ ಯಾರ ಜೊತೆ ಏನು ಮಾತಾಡಿದರು, ಏನು ಕೇಳಿದರು, ಯಾವುದಕ್ಕೆ ನಕ್ಕರು, ನೆನಪಿಗೆ ಬಂದದ್ದನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದಿಡಿ. ಇನ್ನು ಒಂದೆರಡು ವರ್ಷಕ್ಕೆ ಅರ್ಧ ಮರೆತಿರುತ್ತೆ. ಕೂದಲು ಹೋದ ಮೇಲಿನ ಫೋಟೋ ಒಂದನ್ನಾದರೂ ಪ್ರಿಂಟ್ ಹಾಕಿಸಿ. ಈಗ ನೋಡೋಕೆ ಆಗಲ್ಲ ಅಂದರೆ ಕವರಿನಲ್ಲಿ ಹಾಕಿ, ಅವರ ಜಪಸರದ ಜೊತೆ ಬೀರುವಿನಲ್ಲಿಡಿ.