ಗೊರಕೆ ಹೊಡೆಯುವವರಿಗೆ ಆಪರೇಷನ್ ಯಾಕೆ ಹೆಚ್ಚು ಅಪಾಯ?

ಹರ್ನಿಯಾ ಆಪರೇಷನ್‌ಗೆಂದು ಸಕಲೇಶಪುರದಿಂದ ಹಾಸನಕ್ಕೆ ಹೋದ ನಿಮ್ಮ ತಂದೆಯವರನ್ನು ಅರಿವಳಿಕೆ ವೈದ್ಯರು ಗೊರಕೆಯ ಬಗ್ಗೆ ಅಷ್ಟು ಕೆದಕಿ ಕೇಳಿದ್ದು ಸರಿಯೇ. ಗೊರಕೆಯ ನಡುವೆ ಉಸಿರು ಕಟ್ಟುವ ಕಾಯಿಲೆ (ಸ್ಲೀಪ್ ಆಪ್ನಿಯಾ) ಇದ್ದವರಿಗೆ, ಆಪರೇಷನ್ ಮುಗಿದು ವಾರ್ಡಿನಲ್ಲಿ ನಿದ್ದೆ ಹೋದಾಗ ಉಸಿರು ನಿಲ್ಲುವ ಅಪಾಯ ಹೆಚ್ಚು.

ನಿದ್ದೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲಗೊಂಡು, ನಾಲಿಗೆ ಹಿಂದಕ್ಕೆ ಸರಿದು ಉಸಿರಿನ ದಾರಿ ಮುಚ್ಚುತ್ತದೆ. 10 ಸೆಕೆಂಡೋ ಅದಕ್ಕಿಂತ ಹೆಚ್ಚೋ ಉಸಿರಿಲ್ಲ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ. ಮಾಮೂಲಿ ದಿನಗಳಲ್ಲಿ ಮೆದುಳು ತಟ್ಟನೆ ಎಚ್ಚರಿಸಿ ಕಾಪಾಡುತ್ತದೆ. ಆದರೆ ಅರಿವಳಿಕೆಯ ಉಳಿಕೆ, ಮಾರ್ಫಿನ್, ಫೆಂಟನಿಲ್‌ನಂಥ ನೋವಿನ ಔಷಧಿಗಳು ಗಂಟಲನ್ನು ಇನ್ನಷ್ಟು ಸಡಿಲಿಸುವುದಲ್ಲದೆ ಆ ಎಚ್ಚರವನ್ನೇ ಮಂಕು ಮಾಡುತ್ತವೆ. ಮೂಗಿಗೆ ಆಕ್ಸಿಜನ್ ಇಟ್ಟ ಮಾತ್ರಕ್ಕೆ ಮುಚ್ಚಿದ ದಾರಿ ತೆರೆಯದು. ಮೊದಲ ರಾತ್ರಿ ದಾಟಿತೆಂದು ನಿರಾಳವಾಗುವಂತೆಯೂ ಇಲ್ಲ. ದೊಡ್ಡ ಆಪರೇಷನ್ ಆದವರಲ್ಲಿ 3ನೇ ರಾತ್ರಿಯ ಹೊತ್ತಿಗೆ, ಕನಸಿನ ನಿದ್ದೆ ಮರಳಿದಾಗ, ತೊಂದರೆ ಹೆಚ್ಚಬಹುದು.

ಉಸಿರು ಕಟ್ಟುವುದು ಬಹಳಷ್ಟು ಸಲ ಮಲಗಿದವರಿಗೇ ಗೊತ್ತಾಗದು; ತಪಾಸಣೆಗೆ ನಿಮ್ಮ ತಾಯಿಯವರನ್ನೂ ಕರೆದೊಯ್ಯಿರಿ. ಜೋರು ಗೊರಕೆ, ಹಗಲು ತೂಕಡಿಕೆ, ಬಿಪಿ, ಬೊಜ್ಜು, 50 ದಾಟಿದ ವಯಸ್ಸು, 40 ಸೆಂ.ಮೀ. ಮೀರಿದ ಕತ್ತು – ಇಂಥವು ಮೂರಿದ್ದರೂ ವೈದ್ಯರು ಅನುಮಾನಿಸುತ್ತಾರೆ. ಪೂರ್ತಿ ಪ್ರಜ್ಞೆ ತಪ್ಪಿಸುವ ಬದಲು ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಆಪರೇಷನ್ ಮಾಡಲು ಆಗುತ್ತದೆಯೇ ಎಂದು ಖಂಡಿತ ಕೇಳಿ. ಮನೆಯಲ್ಲಿ ಸಿಪ್ಯಾಪ್ ಯಂತ್ರ (ನಿದ್ದೆಯಲ್ಲಿ ಮಾಸ್ಕ್ ಮೂಲಕ ಗಾಳಿ ಒತ್ತಿ ಗಂಟಲು ಮುಚ್ಚದಂತೆ ನೋಡಿಕೊಳ್ಳುವ ಯಂತ್ರ) ಇದ್ದರೆ ಮಾಸ್ಕ್ ಸಮೇತ ಒಯ್ಯಿರಿ, ಹಗಲು ಮಲಗಿದರೂ ಹಾಕಬೇಕು. ಆಪರೇಷನ್ ಆದಮೇಲೆ, ವೈದ್ಯರು ಬೇಡ ಎನ್ನದಿದ್ದರೆ, ತಲೆಯ ಕಡೆ ಮಂಚವನ್ನು ಸುಮಾರು 30 ಡಿಗ್ರಿ ಎತ್ತರಿಸಲಿ. ಡಿಸ್ಚಾರ್ಜ್ ಆದ ಮೇಲೆ ವೈದ್ಯರನ್ನು ಕೇಳದೆ ನಿದ್ದೆ ಮಾತ್ರೆ ಬೇಡ, ಮದ್ಯವಂತೂ ಬೇಡವೇ ಬೇಡ.