ಮಾಸ್ಕಿನೊಳಗೆ ಒಂಬತ್ತು ಗಂಟೆ

ಓದುಗರ ಪತ್ರ

ಸಂಪಾದಕರಿಗೆ ನಮಸ್ಕಾರ. ನಾನು ಮಂಗಳೂರಿನ ಒಂದು ಜವಳಿ ಅಂಗಡಿಯ ಸೀರೆ ವಿಭಾಗದಲ್ಲಿ ಕೆಲಸ ಮಾಡುವವಳು. ದಿನಾ ಬಜಪೆಯಿಂದ ಬಸ್ಸಿನಲ್ಲಿ ಬಂದು ಹೋಗುತ್ತೇನೆ. 2021ರ ಕೊರೊನಾ ಎರಡನೇ ಅಲೆಯ ಲಾಕ್‌ಡೌನ್ ಮುಗಿದು ಅಂಗಡಿ ತೆರೆದ ಮೇಲೆ ಬೆಳಿಗ್ಗೆ ಒಂಬತ್ತೂವರೆಯಿಂದ ಸಂಜೆ ಆರೂವರೆ ತನಕ ಮಾಸ್ಕ್ ತೆಗೆಯುವಂತಿಲ್ಲ. ಕನ್ನಡಕಕ್ಕೆ ಮಂಜು ಕಟ್ಟುತ್ತದೆ. ಕೆನ್ನೆ ತುಂಬಾ ಬೊಕ್ಕೆ. ಕಿವಿ ಹಿಂದೆ ಗಾಯ. ಗಿರಾಕಿಗಳಿಗೆ ನನ್ನ ಮಾತು ಕೇಳಿಸುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ತಲೆನೋವು ಶುರು. ಬಿಟ್ಟ ಉಸಿರನ್ನೇ ಮತ್ತೆ ಎಳೆದುಕೊಂಡರೆ ಶ್ವಾಸಕೋಶ ಹಾಳಾಗುತ್ತದಂತೆ, ವಾಟ್ಸಾಪಿನಲ್ಲಿ ಬಂದಿದೆ. ಮನೆಯಲ್ಲಿ ಅತ್ತೆಗೆ ಕಿವಿ ಮಂದ. ಮಾಸ್ಕ್ ಹಾಕಿ ಮಾತಾಡಿದರೆ ನಾನು ಸಿಟ್ಟಿನಲ್ಲಿದ್ದೇನೆ ಅಂದುಕೊಳ್ಳುತ್ತಾರೆ. ಕೇಳಿದವರೆಲ್ಲ ‘ಸಹಿಸಿಕೊಳ್ಳಬೇಕು’ ಎನ್ನುತ್ತಾರೆ. ಎಷ್ಟು ಅಂತ ಸಹಿಸುವುದು? ಹೆಸರು ಹಾಕಬೇಡಿ.

ಸಂಪಾದಕರ ಉತ್ತರ

ಪ್ರಿಯ ಸೋದರಿ,

ಸಹಿಸಬೇಡಿ.

ಮಾಸ್ಕ್ ತೆಗೆದು ಬಿಸಾಡಿ ಎಂದಲ್ಲ. ನೀವು ಬರೆದ ಒಂದೊಂದು ತೊಂದರೆಗೂ ಒಂದೊಂದು ಕಾರಣ ಇದೆ. ಹೆಚ್ಚಿನದಕ್ಕೆ ಉಪಾಯವೂ ಇದೆ. ‘ಸಹಿಸಿಕೊಳ್ಳಿ’ ಎಂದವರು ಆ ಉಪಾಯ ಹುಡುಕುವ ಶ್ರಮ ಉಳಿಸಿಕೊಂಡರು, ಅಷ್ಟೇ. ಸುಮ್ನೆ ಸಹಿಸುತ್ತಾ ಹೋದವರ ಮಾಸ್ಕ್ ಕೊನೆಗೆ ಎಲ್ಲಿರುತ್ತದೆ ಎಂದು ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಲ್ಲಿ ಹತ್ತು ನಿಮಿಷ ನಿಂತರೆ ಕಾಣುತ್ತದೆ. ಒಬ್ಬರದು ಮೂಗಿನ ಕೆಳಗೆ, ಇನ್ನೊಬ್ಬರದು ಗದ್ದದ ಕೆಳಗೆ, ಮತ್ತೊಬ್ಬರದು ಒಂದೇ ಕಿವಿಯಲ್ಲಿ ನೇತಾಡುತ್ತಾ. ಪೊಲೀಸರು ಕಂಡ ಕೂಡಲೇ ಎಲ್ಲವೂ ಸ್ವಸ್ಥಾನಕ್ಕೆ ಬರುತ್ತವೆ. 2021ರಲ್ಲಿ ನಗರದ ದಂಡ 250 ರೂಪಾಯಿ, ಯಾರಿಗೆ ಬೇಕು? ಇವರ್ಯಾರೂ ಕೆಟ್ಟವರಲ್ಲ. ಸರಿಯಾಗಿ ಕೂರದ ಮಾಸ್ಕನ್ನು ಇಡೀ ದಿನ ಹಾಕಿಕೊಳ್ಳಲು ಯಾರಿಂದಲೂ ಆಗುವುದಿಲ್ಲ. ಮೂಗಿನ ಮೇಲೆ ನಿಲ್ಲುವ ಸಾಧಾರಣ ಮಾಸ್ಕೇ ಗದ್ದದ ಕೆಳಗಿರುವ ದುಬಾರಿ ಮಾಸ್ಕಿಗಿಂತ ಮೇಲು.

ಈ ದೂರು ಹಳೆಯದು. 1910-11ರಲ್ಲಿ ಚೀನಾದ ಮಂಚೂರಿಯಾದಲ್ಲಿ ಶ್ವಾಸಕೋಶದ ಪ್ಲೇಗ್ ಬಂದಿತ್ತು. ಪೆನಾಂಗ್‌ನಲ್ಲಿ ಹುಟ್ಟಿದ ಡಾಕ್ಟರ್ ವು ಲಿಯೆನ್-ಟೆ ಎಂಬವರು ಗಾಜ್ ಬಟ್ಟೆ ಮತ್ತು ಹತ್ತಿಯ ಮಾಸ್ಕ್ ಮಾಡಿಸಿ, ಎಲ್ಲರೂ ಕಟ್ಟಿಕೊಳ್ಳಿ ಎಂದರು. ಹಿರಿಯ ಫ್ರೆಂಚ್ ವೈದ್ಯರೊಬ್ಬರು ಅದನ್ನು ಹಗುರವಾಗಿ ಕಂಡು, ಮಾಸ್ಕ್ ಇಲ್ಲದೆ ರೋಗಿಗಳನ್ನು ನೋಡಲು ಹೋದರು. ಕೆಲವೇ ದಿನಗಳಲ್ಲಿ ಪ್ಲೇಗಿಗೆ ಬಲಿಯಾದರು. 1919ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಂತೂ ಮಾಸ್ಕ್ ವಿರೋಧಿಸಲೆಂದೇ ಒಂದು ಸಂಘ ಹುಟ್ಟಿಕೊಂಡಿತ್ತು. ಹಾಗಾಗಿ ನಿಮಗೆ ಕಿರಿಕಿರಿ ಆದರೆ ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಮೊದಲು ಕನ್ನಡಕ. ಮಂಜು ಕಟ್ಟುತ್ತಿದೆ ಎಂದರೆ ನಿಮ್ಮ ಬಿಸಿ ಉಸಿರು ಮಾಸ್ಕಿನ ಮೇಲಂಚಿನಿಂದ ನುಗ್ಗಿ ತಣ್ಣಗಿನ ಗಾಜಿಗೆ ಬಡಿಯುತ್ತಿದೆ. ಅಂದರೆ ಮೂಗಿನ ಹತ್ತಿರ ಸಂದು ಇದೆ. ಉಸಿರು ಹೊರಗೆ ಹೋಗುವ ದಾರಿಯಲ್ಲೇ ಹೊರಗಿನ ಗಾಳಿ ಒಳಗೂ ಬರುತ್ತದೆ. ಹೆಚ್ಚಿನವರು ಮೂಗಿನ ತಂತಿಯನ್ನು ಹೆಬ್ಬೆರಳು ತೋರುಬೆರಳಲ್ಲಿ ಚಿವುಟಿ ಬಿಡುತ್ತಾರೆ. ಆಗ ನಡುವೆ ಮೊನೆಯೆದ್ದು ಎರಡೂ ಪಕ್ಕ ಬಾಯಿ ಬಿಡುತ್ತದೆ. ಹಾಗಲ್ಲ. ಎರಡೂ ಕೈಯ ಬೆರಳನ್ನು ಮೂಗಿನ ಮೇಲಿಟ್ಟು, ಅಲ್ಲಿಂದ ಕೆನ್ನೆಯ ಕಡೆಗೆ ಒತ್ತುತ್ತಾ ಹೋಗಿ. ಆಮೇಲೆ ಕನ್ನಡಕವನ್ನು ಮಾಸ್ಕಿನ ಅಂಚಿನ ಮೇಲೆ ಕೂರಿಸಿ.

ನೀವು ನೀಲಿ ಸರ್ಜಿಕಲ್ ಮಾಸ್ಕ್ ಹಾಕುವವರಾದರೆ ಇನ್ನೊಂದು ಕೆಲಸ ಮಾಡಿ. ಮಾಸ್ಕನ್ನು ಉದ್ದಕ್ಕೆ ಅರ್ಧ ಮಡಚಿ. ಕಿವಿಯ ಇಲಾಸ್ಟಿಕ್ಕಿಗೆ, ಮಾಸ್ಕಿನ ಅಂಚಿಗೆ ತಾಗುವ ಹಾಗೆ, ಎರಡೂ ಬದಿ ಒಂದೊಂದು ಗಂಟು ಹಾಕಿ. ಮಡಿಕೆ ಬಿಡಿಸಿದಾಗ ಗಂಟಿನ ಪಕ್ಕ ಸಣ್ಣ ಬಾಯಿಯೊಂದು ತೆರೆದಿರುತ್ತದೆ. ಅದನ್ನು ಒಳಕ್ಕೆ ಮಡಚಿ ಒತ್ತಿಬಿಡಿ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯವರು 2021ರ ಫೆಬ್ರವರಿಯಲ್ಲಿ ಇದನ್ನು ಗೊಂಬೆಯ ತಲೆಗಳ ಮೇಲೆ ಪರೀಕ್ಷಿಸಿದ ವರದಿ ಕೊಟ್ಟರು. ಸುಮ್ನೆ ಹಾಕಿದ ಸರ್ಜಿಕಲ್ ಮಾಸ್ಕ್ ಕೆಮ್ಮಿನ ಕಣಗಳಲ್ಲಿ ಶೇಕಡಾ 56ರಷ್ಟನ್ನು ತಡೆದರೆ, ಗಂಟು ಹಾಕಿ ಮಡಚಿದ್ದು 77ರಷ್ಟನ್ನು ತಡೆಯಿತು. ಒಂದು ಪೈಸೆ ಖರ್ಚಿಲ್ಲ.

ಇಷ್ಟಾದರೂ ಮಂಜು ಬಂದರೆ ಸಾಬೂನು. ನಮ್ಮಲ್ಲಿ ಕರಡು ತಿದ್ದುವವರ ಕನ್ನಡಕ ಶೀಶೆಯ ತಳದಷ್ಟು ದಪ್ಪ. ಅವರು ಬೆಳಿಗ್ಗೆ ಬಂದ ಕೂಡಲೇ ಕನ್ನಡಕವನ್ನು ಸಾಬೂನು ನೀರಲ್ಲಿ ಅದ್ದಿ, ಕೊಡವಿ, ಹಾಗೇ ಆರಲು ಬಿಡುತ್ತಾರೆ. ನೀರಲ್ಲಿ ಮತ್ತೆ ತೊಳೆಯುವುದಿಲ್ಲ. ಗಾಜಿನ ಮೇಲೆ ಉಳಿದ ತೆಳು ಸಾಬೂನಿನ ಪದರದಲ್ಲಿ ನೀರು ಹನಿಗಟ್ಟುವುದಿಲ್ಲ, ಹರಡಿ ಹೋಗುತ್ತದೆ. ಕನ್ನಡಕಕ್ಕೆ ಕೋಟಿಂಗ್ ಇದ್ದರೆ ಮಾತ್ರ ಅಂಗಡಿಯವರನ್ನು ಒಂದು ಮಾತು ಕೇಳಿ.

ಇನ್ನು ವಾಟ್ಸಾಪ್ ಸಂದೇಶ. ಅದನ್ನು ಅಳಿಸಿಬಿಡಿ. ನಾವು ಬಿಡುವ ಕಾರ್ಬನ್ ಡೈಆಕ್ಸೈಡಿನ ಕಣ ಮಾಸ್ಕಿನ ಸಂದುಗಳ ಮುಂದೆ ಏನೇನೂ ಅಲ್ಲ, ಆರಾಮಾಗಿ ದಾಟುತ್ತದೆ. ವೈರಸ್ಸೂ ಚಿಕ್ಕದೇ ಅಲ್ವಾ ಎಂದು ನೀವು ಕೇಳಬಹುದು. ಅದು ಬರುವುದು ಬಾಯಿ ಮೂಗಿನಿಂದ ಹೊರಟ ಹನಿಗಳಲ್ಲಿ ಕೂತು. ಆ ಹನಿಗಳು ನೂಲಿಗೆ ಸಿಕ್ಕಿಬೀಳುತ್ತವೆ. ಎನ್95 ಮಾಸ್ಕಿನ ಒಳಪದರದಲ್ಲಿ ಸ್ಥಿರ ವಿದ್ಯುತ್ತಿನ ಸೆಳೆತವೂ ಇರುತ್ತದೆ. ಅದನ್ನು ಸಾಬೂನು ಹಾಕಿ ಒಗೆಯಬಾರದು ಎನ್ನುವುದು ಇದಕ್ಕೇ. ಒಗೆದರೆ ಸೆಳೆತ ಹೋಯಿತು.

ಆದರೂ ಉಸಿರು ಕಟ್ಟಿದ ಹಾಗೆ ಆಗುತ್ತದೆ ಎನ್ನುವುದು ಸುಳ್ಳಲ್ಲ. ಮಾಸ್ಕಿನೊಳಗೆ ಬಿಸಿ, ತೇವ. ಹೊರಗೆ ನಮ್ಮ ಕರಾವಳಿಯ ಸೆಕೆ. ಗಾಳಿ ಎಳೆಯಲು ಸ್ವಲ್ಪ ಶ್ರಮ ಜಾಸ್ತಿ ಬೇಕು, ಎನ್95ನಲ್ಲಿ ಇನ್ನೂ ಜಾಸ್ತಿ. ಆಮ್ಲಜನಕ ಕಡಿಮೆಯಾಗುವುದು ಬೇರೆ ಸಂಗತಿ. ಮನೆಯಲ್ಲಿ ರಕ್ತದ ಆಮ್ಲಜನಕ ಅಳೆಯುವ ಆಕ್ಸಿಮೀಟರ್ ಇದ್ದರೆ ಒಂದು ದಿನ ಅಂಗಡಿಗೆ ತನ್ನಿ. ಸಂಜೆ ನಾಲ್ಕಕ್ಕೆ, ಮಾಸ್ಕ್ ಹಾಕಿಕೊಂಡೇ ಬೆರಳಿಗೆ ಸಿಕ್ಕಿಸಿ ನೋಡಿ. ಉಗುರಿಗೆ ಬಣ್ಣವೋ ಮದರಂಗಿಯೋ ಇದ್ದರೆ ಲೆಕ್ಕ ತಪ್ಪಬಹುದು, ಬೇರೆ ಬೆರಳು ಹಿಡಿಯಿರಿ. 95 ಅಥವಾ ಮೇಲೆ ಇದ್ದರೆ ನೆಮ್ಮದಿ. 94ಕ್ಕಿಂತ ಕೆಳಗಿದ್ದರೆ ಮಾಸ್ಕನ್ನು ದೂರುತ್ತಾ ಕೂರದೆ ಡಾಕ್ಟರ ಹತ್ತಿರ ಹೋಗಿ. ದಮ್ಮು ಇರುವವರೂ ಡಾಕ್ಟರನ್ನು ಕೇಳಿಯೇ ಮಾಸ್ಕ್ ಆರಿಸಬೇಕು. ಉಸಿರಾಟ ಸಲೀಸು ಎಂದು ಕವಾಟ ಇರುವ ಮಾಸ್ಕ್ ತೆಗೆದುಕೊಳ್ಳಬೇಡಿ. ಅದು ನಿಮ್ಮ ಉಸಿರನ್ನು ಸೋಸದೆ ಎದುರಿನವರ ಮುಖಕ್ಕೇ ಬಿಡುತ್ತದೆ. ಕೇಂದ್ರ ಆರೋಗ್ಯ ಇಲಾಖೆ 2020ರ ಜುಲೈಯಲ್ಲೇ ಈ ಎಚ್ಚರಿಕೆ ಕೊಟ್ಟಿದೆ.

ಹಾಗಾದರೆ ತಲೆನೋವು ಯಾಕೆ? ಒಂದು ಪ್ರಶ್ನೆ ಕೇಳುತ್ತೇನೆ, ಬೇಜಾರು ಮಾಡಬೇಡಿ. ಬೆಳಿಗ್ಗೆಯಿಂದ ಮಧ್ಯಾಹ್ನದ ಊಟದ ತನಕ ಎಷ್ಟು ನೀರು ಕುಡಿಯುತ್ತೀರಿ? ಅಂಗಡಿಯಲ್ಲಿ ಕೆಲಸ ಮಾಡುವ ಹೆಣ್ಣುಮಕ್ಕಳಲ್ಲಿ ಅನೇಕರು ಕುಡಿಯುವುದೇ ಇಲ್ಲ. ಮಾಸ್ಕ್ ತೆಗೆಯಬೇಕು ಎನ್ನುವುದು ಒಂದು ನೆಪ. ಆಮೇಲೆ ಶೌಚಾಲಯಕ್ಕೆ ಹೋಗಬೇಕಲ್ಲ ಎನ್ನುವುದು ನಿಜವಾದ ಕಾರಣ. ಬೆವರು ಹರಿಯುತ್ತಾ ಇದ್ದು, ನೀರು ಕುಡಿಯದೆ, ಮಂಜಿನ ಕನ್ನಡಕದಲ್ಲಿ ಕಣ್ಣು ಕಿರಿದು ಮಾಡಿಕೊಂಡು ನಿಂತರೆ ಯಾರಿಗೂ ತಲೆ ನೋಯುತ್ತದೆ.

ಇದನ್ನು ನೀವೊಬ್ಬರೇ ಸರಿಮಾಡಲು ಆಗುವುದಿಲ್ಲ. ನಿಮ್ಮ ಅಂಗಡಿಯ ಧಣಿಗಳೂ ಓದಲಿ ಎಂದೇ ಸ್ವಲ್ಪ ಬಿಡಿಸಿ ಬರೆಯುತ್ತೇನೆ. ಎರಡು ಗಂಟೆಗೊಮ್ಮೆ ಒಬ್ಬೊಬ್ಬರನ್ನಾಗಿ ಹತ್ತು ನಿಮಿಷ ಹೊರಗೆ ಬಿಡಿ. ಹಿಂದಿನ ಬಾಗಿಲಾಗಲಿ, ತಾರಸಿಯಾಗಲಿ, ಗಾಳಿಯಾಡುವ ಜಾಗ ಇರಬೇಕು, ಪಕ್ಕದಲ್ಲಿ ಇನ್ನೊಬ್ಬರು ಇರಬಾರದು. ಅಲ್ಲಿ ಮಾಸ್ಕ್ ತೆಗೆದು ನೀರು ಕುಡಿದು, ಮುಖ ಒರೆಸಿ, ಒಣ ಮಾಸ್ಕ್ ಹಾಕಿಕೊಂಡು ಬರಲಿ. ಎಲ್ಲರನ್ನೂ ಒಟ್ಟಿಗೆ ಕಿಟಕಿಯಿಲ್ಲದ ಕೋಣೆಯಲ್ಲಿ ಊಟಕ್ಕೆ ಕೂರಿಸಿದರೆ ಬೆಳಿಗ್ಗೆಯಿಂದ ಹಾಕಿದ ಮಾಸ್ಕ್ ದಂಡ. ಊಟದ ಹೊತ್ತಲ್ಲೇ ಎಲ್ಲರೂ ಮಾಸ್ಕ್ ಬಿಚ್ಚಿ, ಎದುರು ಬದುರು ಕೂತು ಮಾತಾಡುವುದು. ಎ.ಸಿ. ಹಾಕಿ ಬಾಗಿಲು ಮುಚ್ಚುವ ಬದಲು ಎರಡೂ ಬದಿ ತೆರೆದು ಫ್ಯಾನ್ ಹಾಕಿ. ಆಟಿ (ತುಳುನಾಡಿನ ಮಳೆಗಾಲದ ತಿಂಗಳು) ಸೇಲಿನ ಬ್ಯಾನರಿಗೆ ಖರ್ಚು ಮಾಡುವವರಿಗೆ ಎರಡು ಪೆಡಸ್ಟಲ್ ಫ್ಯಾನ್ ದೊಡ್ಡದಲ್ಲ.

ಕೌಂಟರಿನ ಮಾತು. ಮಾಸ್ಕ್ ತಡೆಯುವುದು ಹೆಚ್ಚಾಗಿ ಸ, ಶ, ತ, ಕ ಥರದ ಹರಿತವಾದ ಧ್ವನಿಗಳನ್ನು. ಗಂಟಲು ಹರಿದುಕೊಂಡು ಕೂಗಿದರೂ ಅವು ಸ್ಪಷ್ಟವಾಗುವುದಿಲ್ಲ. ನಿಧಾನವಾಗಿ, ಬಿಡಿಸಿ ಹೇಳಬೇಕು. ‘ಎಂಟುನೂರ ಐವತ್ತು’ ಎಂದು ಮೂರು ಸಲ ಕೂಗಿ, ಕೊನೆಗೆ ಮಾಸ್ಕ್ ಕೆಳಗೆಳೆದು ಹೇಳುವ ಬದಲು ಕ್ಯಾಲ್ಕುಲೇಟರಿನಲ್ಲಿ ಒತ್ತಿ ತೋರಿಸಿ. ಗಿರಾಕಿ ಚೌಕಾಸಿಯನ್ನೂ ಅದರಲ್ಲೇ ಒತ್ತಿ ಮಾಡಲಿ.

ಇನ್ನೊಂದು ದೃಶ್ಯ ನಿಮಗೆ ಗೊತ್ತೇ ಇರುತ್ತದೆ. ಸೀರೆಯ ಸೆರಗನ್ನು ಹೆಗಲಿಗೆ ಹಾಕಿ ಕನ್ನಡಿಯ ಮುಂದೆ ನಿಂತವರು ಮೊದಲು ಮಾಡುವ ಕೆಲಸ ಮಾಸ್ಕ್ ಇಳಿಸುವುದು. ಮುಖ ಕಾಣದೆ ಬಣ್ಣ ಒಪ್ಪುತ್ತದೋ ಇಲ್ಲವೋ ತಿಳಿಯುವುದು ಹೇಗೆ? ಅವರದೂ ನ್ಯಾಯವೇ. ಜಗಳಕ್ಕೆ ಹೋಗಬೇಡಿ. ಕನ್ನಡಿಯನ್ನು ಬಾಗಿಲ ಹತ್ತಿರ ಬೆಳಕಿಗೆ ಇಡಿಸಿ, ಆ ಒಂದು ನಿಮಿಷ ನೀವು ನಾಲ್ಕು ಹೆಜ್ಜೆ ಹಿಂದೆ ನಿಲ್ಲಿ. ಬೆಳಕಲ್ಲಿ ಸೀರೆಯೂ ಚೆನ್ನಾಗಿ ಕಾಣುತ್ತದೆ, ವ್ಯಾಪಾರಕ್ಕೂ ಒಳ್ಳೆಯದು.

ಈಗ ಮಳೆ. ಬೇರೆ ಊರಿನವರು ಬರೆಯುವ ಸಲಹೆಗಳಲ್ಲಿ ‘ಮಾಸ್ಕನ್ನು ಬಿಸಿಲಿಗೆ ಒಣಗಿಸಿ’ ಎಂದಿರುತ್ತದೆ. ಆಟಿಯಲ್ಲಿ ಬಿಸಿಲನ್ನು ಎಲ್ಲಿಂದ ತರುವುದು? ಒಳಗೆ ಹಗ್ಗಕ್ಕೆ ಹಾಕಿದ ಬಟ್ಟೆ ಮೂರು ದಿನವಾದರೂ ಮುಗ್ಗುಲು ವಾಸನೆ ಬಿಡುವುದಿಲ್ಲ. ಬಚ್ಚಲು ಒಲೆಯ ಮೇಲೆ ಒಣಗಿಸಿದರೆ ದಿನವಿಡೀ ಹೊಗೆ ಕುಡಿದುಕೊಂಡಿರಬೇಕು. ಆದ್ದರಿಂದ ದಪ್ಪದ ಮಾಸ್ಕ್ ಮಳೆಗಾಲಕ್ಕೆ ಬೇಡ. ತೆಳು ಹತ್ತಿಯ, ಒತ್ತಾದ ನೇಯ್ಗೆಯ ಮೂರು ಪದರದ್ದು ಬೇಗ ಒಣಗುತ್ತದೆ. ಐದಾರು ಇಟ್ಟುಕೊಳ್ಳಿ. ರಾತ್ರಿ ಒಗೆದು, ಟವಲಿನಲ್ಲಿ ಸುತ್ತಿ ಹಿಂಡಿ, ಫ್ಯಾನಿನ ಕೆಳಗೆ ಹಾಕಿ, ಬೆಳಿಗ್ಗೆ ಇಸ್ತ್ರಿ ಹಾಕಿ. ಬ್ಯಾಗಿನಲ್ಲಿ ಎರಡು ಒಣ ಮಾಸ್ಕ್ ಯಾವಾಗಲೂ ಇರಲಿ. ಒದ್ದೆಯಾದರೆ ಕೂಡಲೇ ಬದಲಿಸಿ, ಒದ್ದೆ ಬಟ್ಟೆಯ ಮೂಲಕ ಉಸಿರಾಡುವುದೇ ಕಷ್ಟ. ಎನ್95 ಹಾಕುವುದಾದರೆ ನಾಲ್ಕೈದು ಕೊಂಡು, ವಾರದ ದಿನಗಳ ಹೆಸರು ಬರೆದ ಕಾಗದದ ಕವರಿನಲ್ಲಿಟ್ಟು, ಸರದಿಯಂತೆ ಬಳಸಿ. ಪ್ಲಾಸ್ಟಿಕ್ಕಿನಲ್ಲಿ ಕಟ್ಟಿಡಬೇಡಿ, ಬೆವರು ಆರುವುದಿಲ್ಲ.

ಬೊಕ್ಕೆಗೆ ಕಾರಣ ಬೆವರು ಮತ್ತು ಉಜ್ಜಾಟ. ಅದರ ಮೇಲೆ ಪೌಡರ್, ಕ್ರೀಮು ಬಂದರೆ ಇನ್ನೂ ಜಾಸ್ತಿ. ಮಾಸ್ಕ್ ಮುಚ್ಚುವ ಜಾಗಕ್ಕೆ ಅಲಂಕಾರ ಸದ್ಯ ಬೇಡ, ಯಾರೂ ನೋಡುವುದೂ ಇಲ್ಲ. ಕೆಲವರು ಮಾಸ್ಕನ್ನು ಆಂಟಿಸೆಪ್ಟಿಕ್ ನೀರಲ್ಲಿ ನೆನೆಹಾಕುತ್ತಾರೆ. ಚರ್ಮ ಉರಿಯಲು ಅದೇ ಸಾಕು. ಸಾಧಾರಣ ಸಾಬೂನು, ಆಮೇಲೆ ಎರಡು ಮೂರು ಸಲ ಬರೀ ನೀರು. ತೆಂಗಿನೆಣ್ಣೆ ನಮ್ಮವರಿಗೆ ಎಲ್ಲದಕ್ಕೂ ಮದ್ದು, ಆದರೆ ಬೊಕ್ಕೆಯ ಮೇಲೆ ಹಚ್ಚಬೇಡಿ, ರಂಧ್ರ ಕಟ್ಟುತ್ತದೆ. ರಾತ್ರಿ ಕಿವಿಯ ಹಿಂದೆ ಹಚ್ಚಿ, ತೊಂದರೆ ಇಲ್ಲ. ಹಗಲು ಕಿವಿಗೆ ಭಾರ ಬೀಳದ ಹಾಗೆ ಎರಡೂ ಇಲಾಸ್ಟಿಕ್ಕನ್ನು ತಲೆಯ ಹಿಂದೆ ಒಂದು ಕೊಕ್ಕೆಗೆ ಸಿಕ್ಕಿಸಿ. ಕೊಕ್ಕೆ ಸಿಗದಿದ್ದರೆ ಒಂದು ಪಟ್ಟಿ ಬಟ್ಟೆಯ ಎರಡು ತುದಿಗೆ ಷರ್ಟಿನ ದೊಡ್ಡ ಗುಂಡಿ ಹೊಲಿದರೆ ಸಾಕು. ಜಡೆಯ ಮೇಲೆ ನಿಲ್ಲುತ್ತದೆ.

ಬಸ್ಸಿನಲ್ಲಿ ಮಳೆಗೆ ಎಲ್ಲ ಕಿಟಕಿ ಮುಚ್ಚಿ ಕೂರುತ್ತಾರೆ. ಅಂಗಡಿಗಿಂತ ನನಗೆ ಅದೇ ಹೆಚ್ಚು ಹೆದರಿಕೆ. ನಿಮ್ಮ ಪಕ್ಕದ ಕಿಟಕಿಯನ್ನು ಎರಡು ಬೆರಳಗಲವಾದರೂ ತೆರೆದಿಡಿ, ತೋಳು ಸ್ವಲ್ಪ ಒದ್ದೆಯಾಗಲಿ. ಮಾಸ್ಕ್ ಮುಖಕ್ಕೆ ಬಿಗಿಯಾಗಿ ಕೂರಬೇಕಾದ ಜಾಗವೂ ಅದೇ. ನಮ್ಮ ಸಿಟಿ ಬಸ್ಸಿನ ಕಂಡಕ್ಟರುಗಳ ಪಾಡು ಬೇರೆಯೇ. ಸೀಟಿ ಊದಲು ಮಾಸ್ಕ್ ಇಳಿಸಲೇಬೇಕು. ಕೆಲವರು ಸೀಟಿ ಬಿಟ್ಟು ಬಸ್ಸಿನ ತಗಡಿಗೆ ಬಡಿದು ‘ರೈಟ್ ಪೋಯಿ’ (ತುಳುವಿನಲ್ಲಿ ‘ಹೋಗೋಣ’) ಎನ್ನುತ್ತಾರೆ. ಅವರನ್ನು ನೋಡಿದರೆ ಖುಷಿಯಾಗುತ್ತದೆ.

ಅತ್ತೆಯವರ ವಿಷಯ. ಅವರು ಇಷ್ಟು ದಿನ ನಿಮ್ಮ ಮಾತನ್ನು ಅರ್ಧ ಕಿವಿಯಿಂದ, ಅರ್ಧ ತುಟಿ ನೋಡಿ ಅರ್ಥ ಮಾಡಿಕೊಳ್ಳುತ್ತಿದ್ದರು. ಈಗ ತುಟಿ ಮುಚ್ಚಿದೆ. ಕೇಳಿಸಲಿ ಎಂದು ನೀವು ಧ್ವನಿ ಏರಿಸುತ್ತೀರಿ. ಏರಿದ ಧ್ವನಿ, ಹುಬ್ಬು ಗಂಟಿಕ್ಕಿದ ಅರ್ಧ ಮುಖ ನೋಡಿದರೆ ಸಿಟ್ಟು ಅಂತಲೇ ಅನಿಸುತ್ತದೆ. ಅವರ ತಪ್ಪಲ್ಲ. ಮಾತಿಗೆ ಮೊದಲು ಕೈ ಮುಟ್ಟಿ ಎದುರು ಬನ್ನಿ, ನಿಮ್ಮ ಮುಖದ ಮೇಲೆ ಬೆಳಕು ಬೀಳಲಿ. ಯಾವ ವಿಷಯ ಎಂದು ಮೊದಲು ಹೇಳಿ: ‘ಅತ್ತೆ, ಊಟದ ವಿಷಯ.’ ಒಮ್ಮೆ ತಿಳಿಯದಿದ್ದರೆ ಅದನ್ನೇ ಕೂಗಬೇಡಿ, ಬೇರೆ ಶಬ್ದದಲ್ಲಿ ಹೇಳಿ. ಮನೆಯಲ್ಲಿ ಯಾರಿಗೂ ಜ್ವರ, ಕೆಮ್ಮು ಇಲ್ಲದಿದ್ದರೆ ಸಂಜೆ ಕೈಕಾಲು ಮುಖ ತೊಳೆದ ಮೇಲೆ ಚಾವಡಿಯಲ್ಲಿ, ಸ್ವಲ್ಪ ದೂರ ಕೂತು, ಮಾಸ್ಕ್ ಇಲ್ಲದೆ ಹದಿನೈದು ನಿಮಿಷ ಅವರೊಂದಿಗೆ ಮಾತಾಡಿ. ಶ್ರವಣ ಸಾಧನ ಹಾಕುವವರಾದರೆ ಅವರಿಗೆ ಕಿವಿಗೆ ಸಿಕ್ಕಿಸುವ ಮಾಸ್ಕ್ ಬೇಡ. ಅದನ್ನು ತೆಗೆಯುವಾಗ ಸಾಧನವೂ ಜತೆಗೇ ಹಾರಿ ಬೀಳುತ್ತದೆ. ಹಿಂದೆ ಲಾಡಿ ಕಟ್ಟುವಂಥದ್ದನ್ನು ಹೊಲಿಸಿ.

ಅವರಿಗೆ ಕೊರೊನಾ ಲಸಿಕೆಯ ಎರಡನೇ ಡೋಸ್ ಆಗಿದೆಯೋ ಎಂದು ನೀವು ಬರೆದಿಲ್ಲ. 2021ರ ನಿಯಮದಂತೆ, ಮೊದಲನೆಯದು ಕೋವಿಶೀಲ್ಡ್ ಆಗಿದ್ದು 84 ದಿನ ಕಳೆದಿದ್ದರೆ ತಡಮಾಡಬೇಡಿ. ಕೋವ್ಯಾಕ್ಸಿನ್ ಆದರೆ 28 ದಿನ ಸಾಕು. ರಜೆ ಇರುವ ದಿನ ನೀವೇ ಕರೆದುಕೊಂಡು ಹೋಗಿ. ಅಲ್ಲಿ ಮಾಸ್ಕ್ ಹಾಕಿದ ನರ್ಸ್ ಹೆಸರು ಕೂಗಿದರೆ ಅವರಿಗೆ ಕೇಳಿಸಲಿಕ್ಕಿಲ್ಲ, ಪಕ್ಕದಲ್ಲಿ ಒಬ್ಬರು ಬೇಕು.