ಪೋಸ್ಟ್‌ಡಾಕ್ ಅಂದರೆ ಓದೋ, ಕೆಲಸವೋ?

ಪ್ರಶ್ನೆ: ನನ್ನ ಮಗಳು ಪುಣೆಯಲ್ಲಿ ಖಗೋಳವಿಜ್ಞಾನದಲ್ಲಿ ಪಿಎಚ್‌ಡಿ ಮಾಡುತ್ತಿದ್ದಾಳೆ. ಇದು ಐದನೇ ವರ್ಷ, ವಯಸ್ಸು 28. ಮುಗಿದ ಮೇಲೆ ಊರ ಹತ್ತಿರ ಯಾವುದಾದರೂ ಕಾಲೇಜಿಗೆ ಸೇರುತ್ತಾಳೆ ಅಂದುಕೊಂಡಿದ್ದೆ. ಈಗ ನೋಡಿದರೆ ಎರಡು ವರ್ಷ ಪೋಸ್ಟ್‌ಡಾಕ್‌ಗೆ ಜರ್ಮನಿಗೆ ಹೋಗುತ್ತೇನೆ ಅನ್ನುತ್ತಾಳೆ. ಇದು ಓದೋ, ಕೆಲಸವೋ? ಆಮೇಲಾದರೂ ಕಾಯಂ ಆಗುತ್ತಾ? ನೆಂಟರಿಗೆ ಏನು ಹೇಳಬೇಕೋ ಗೊತ್ತಾಗುತ್ತಿಲ್ಲ.
– ಒಬ್ಬ ಅಡಿಕೆ ಬೆಳೆಗಾರ, ಸಾಗರ

ಉತ್ತರ: ಕೆಲಸ. ಪಿಎಚ್‌ಡಿ ಆದ ಮೇಲೆ ಒಂದು ಸಂಸ್ಥೆಯಲ್ಲಿ ಮಾಡುವ ಸಂಶೋಧನೆಯ ಕೆಲಸ. ಸಂಬಳ ಬರುತ್ತದೆ, ರಜೆ ಇರುತ್ತದೆ, ಪರೀಕ್ಷೆ ಇರುವುದಿಲ್ಲ. ಆದರೆ ಕರಾರಿನ ಕೆಲಸ. ಎರಡು ವರ್ಷಕ್ಕೋ ಮೂರು ವರ್ಷಕ್ಕೋ ಮುಗಿಯುತ್ತದೆ. ನಾನು ಪೋಸ್ಟ್‌ಡಾಕ್ ಮಾಡುವಾಗ ನಮ್ಮಪ್ಪ ಜಾತಕದ ಜೊತೆ ಕೊಡುವ ಬಯೋಡೇಟಾದಲ್ಲಿ ಉದ್ಯೋಗ ಅನ್ನುವ ಕಡೆ 'ವಿಜ್ಞಾನಿ, ಸದ್ಯಕ್ಕೆ' ಅಂತ ಬರೆದಿದ್ದರು. ಆಗ ಸಿಟ್ಟು ಬಂದಿತ್ತು. ಈಗ ಅನ್ನಿಸುತ್ತದೆ, ಅಷ್ಟು ಸರಿಯಾಗಿ ನಾನೂ ಬರೆಯುತ್ತಿರಲಿಲ್ಲ.

ದುಡ್ಡಿನ ಲೆಕ್ಕ ಕೇಳಲು ನಿಮಗೆ ಸಂಕೋಚ ಇರಬಹುದು, ನಾನೇ ಹೇಳುತ್ತೇನೆ. 2023ರಲ್ಲಿ ಕೇಂದ್ರ ಸರ್ಕಾರ ಏರಿಸಿದ ದರದಲ್ಲಿ ಪಿಎಚ್‌ಡಿಯ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000. ಪಿಎಚ್‌ಡಿ ಮುಗಿಸಿ ಇಲ್ಲೇ ರಿಸರ್ಚ್ ಅಸೋಸಿಯೇಟ್ ಆದರೆ 58,000ದಿಂದ 67,000. ಮನೆಬಾಡಿಗೆ ಭತ್ಯೆ ಬೇರೆ. ಇನ್‌ಸ್ಪೈರ್ ಫ್ಯಾಕಲ್ಟಿ ಅಂತ ಒಂದು ಫೆಲೋಶಿಪ್ ಇದೆ. ಅದು ಸಿಕ್ಕರೆ ಐದು ವರ್ಷ, ತಿಂಗಳಿಗೆ 1,25,000. ಅದೂ ಕಾಯಂ ಅಲ್ಲ. ಜೊತೆಗೆ ಅರ್ಜಿ ಹಾಕಲು ವಯಸ್ಸಿನ ಮಿತಿ ಇದೆ. ಮಗಳು ಅದನ್ನು ಈಗಲೇ ನೋಡಿಟ್ಟುಕೊಳ್ಳಲಿ.

ಕಾಯಂ ಆಗುತ್ತಾ ಅನ್ನುವುದೇ ಕಷ್ಟದ ಪ್ರಶ್ನೆ. ಒಬ್ಬ ಪ್ರೊಫೆಸರ್ ತಮ್ಮ ಸರ್ವೀಸಿನಲ್ಲಿ ಎಷ್ಟೋ ಮಕ್ಕಳಿಗೆ ಪಿಎಚ್‌ಡಿ ಮಾಡಿಸುತ್ತಾರೆ. ನಿವೃತ್ತರಾದಾಗ ಖಾಲಿಯಾಗುವುದು ಒಂದೇ ಕುರ್ಚಿ. ಬೆಂಗಳೂರಿನ ಖಭೌತ ಸಂಸ್ಥೆ, ರಾಮನ್ ಸಂಸ್ಥೆ, ಐಐಎಸ್ಸಿ, ಪುಣೆಯ ಐಯುಕಾ ಮತ್ತು ಎನ್‌ಸಿಆರ್‌ಎ, ಮುಂಬೈಯ ಟಿಐಎಫ್‌ಆರ್, ಅಹಮದಾಬಾದಿನ ಪಿಆರ್‌ಎಲ್, ನೈನಿತಾಲಿನ ಏರೀಸ್. ಇವುಗಳ ಜೊತೆ ಕೆಲವು ಐಐಟಿ, ಐಸರ್‌ಗಳು. ಖಗೋಳದವರಿಗೆ ಮನೆ ಅನ್ನಿಸುವ ಜಾಗ ದೇಶದಲ್ಲಿ ಬಹುಪಾಲು ಇಷ್ಟೇ. ಜರ್ಮನಿಯಲ್ಲೂ ಹಾದಿ ಸುಲಭವಿಲ್ಲ. ಪಿಎಚ್‌ಡಿ ಆದವರನ್ನು ಹೀಗೆ ತಾತ್ಕಾಲಿಕವಾಗಿ ಇಟ್ಟುಕೊಳ್ಳಲು ಸಾಮಾನ್ಯವಾಗಿ ಆರು ವರ್ಷ ಅಂತ ಅಲ್ಲಿನ ಕಾನೂನಿನಲ್ಲೇ ಮಿತಿ ಇದೆ.

ನಾನು ಎರಡು ದೇಶದಲ್ಲಿ ಎರಡು ಪೋಸ್ಟ್‌ಡಾಕ್ ಮಾಡಿ ವಾಪಸ್ ಬಂದೆ. ಇಲ್ಲಿ ಒಂದು ಕಡೆ ಸಂದರ್ಶನದಲ್ಲಿ ಕೇಳಿದರು: 'ಒಂದೇ ಜಾಗದಲ್ಲಿ ನಿಲ್ಲೋ ಅಭ್ಯಾಸ ಇಲ್ವಾ ನಿಮಗೆ?' ಹಾಗೆ ದೇಶ ಸುತ್ತದೆ ಇದ್ದವರಿಗೆ ಅಲ್ಲಿ ಸಂದರ್ಶನಕ್ಕೇ ಕರೆ ಬರುತ್ತಿರಲಿಲ್ಲ ಅನ್ನುವುದು ಬೇರೆ ಮಾತು.

ಈಗ ನಾನು ಬೆಂಗಳೂರಿನ ಒಂದು ಕಂಪನಿಯಲ್ಲಿ ಕಾರಿನ ರೇಡಾರ್ ಕೆಲಸ ಮಾಡುತ್ತೇನೆ. ನನ್ನ ಪಿಎಚ್‌ಡಿ ಪಲ್ಸಾರ್‌ಗಳ ಮೇಲೆ. ಇವು ಗಿರಗಿರ ತಿರುಗುತ್ತಾ ರೇಡಿಯೋ ಅಲೆ ಬೀಸುವ ಸತ್ತ ನಕ್ಷತ್ರಗಳು. ಪುಣೆಯಿಂದ ನಾರಾಯಣಗಾಂವ್ ಕಡೆ ಹೋದರೆ ಖೋಡದ್ ಅಂತ ಊರು. ಅಲ್ಲಿನ ಜಿಎಂಆರ್‌ಟಿ ಅನ್ನುವ ರೇಡಿಯೋ ದೂರದರ್ಶಕದಲ್ಲಿ 45 ಮೀಟರ್ ಅಗಲದ 30 ತಟ್ಟೆಗಳಿವೆ. ರಾತ್ರಿಯೆಲ್ಲ ಕೂತು ನಕ್ಷತ್ರ ನೋಡಿದೆ ಅಂತ ಜನ ತಿಳಿದಿದ್ದಾರೆ. ನಿಜ ಹೇಳಬೇಕೆಂದರೆ ನಾನು ಮಾಡಿದ್ದು ಕಸ ಹೆಕ್ಕುವ ಕೆಲಸ. ಮೊಬೈಲ್ ಟವರ್, ಕರೆಂಟ್ ಲೈನ್, ಉಪಗ್ರಹ ಎಲ್ಲದರ ಗದ್ದಲವೂ ಡೇಟಾದಲ್ಲಿ ಬಂದು ಕೂರುತ್ತಿತ್ತು. ಅದನ್ನು ಗುರುತಿಸಿ ತೆಗೆಯಲು ಪ್ರೋಗ್ರಾಂ ಬರೆಯುವುದರಲ್ಲೇ ಮೂರು ವರ್ಷ ಹೋಯಿತು. ಪ್ರಬಂಧದಲ್ಲಿ ಅದಕ್ಕೆ ಸಿಕ್ಕಿದ್ದು ಒಂದು ಅನುಬಂಧ!

ಕಂಪನಿಯವರು ಪಲ್ಸಾರ್ ಬಗ್ಗೆ ಒಂದು ಮಾತೂ ಕೇಳಲಿಲ್ಲ. ಆ ಅನುಬಂಧದ ಬಗ್ಗೆ ಎರಡು ಗಂಟೆ ಕೇಳಿದರು. ಕಾರಿನ ರೇಡಾರ್ 76ರಿಂದ 81 ಗಿಗಾಹರ್ಟ್ಸ್‌ನಲ್ಲಿ ಅಲೆ ಕಳಿಸುತ್ತದೆ. ತಿರುಗಿ ಬಂದ ಅಲೆಯಿಂದ ಎದುರಿನ ವಸ್ತು ಎಷ್ಟು ದೂರ, ಎಷ್ಟು ವೇಗ ಅಂತ ಲೆಕ್ಕ ಹಾಕಬೇಕು. ಪಲ್ಸಾರ್ ಹುಡುಕುವ ಗಣಿತವೇ ಮುಕ್ಕಾಲು ಪಾಲು ಇಲ್ಲೂ ಬರುತ್ತದೆ. ಹುಡುಕುವುದು ಮಾತ್ರ ಸತ್ತ ನಕ್ಷತ್ರವನ್ನಲ್ಲ, ರಸ್ತೆ ದಾಟುವ ಎಮ್ಮೆಯನ್ನು.

ಹಾಗಾಗಿ ಮಗಳಿಗೆ 'ಮುಂದೇನು' ಅಂತ ಕೇಳಬೇಡಿ. 'ದಿನವಿಡೀ ಕೂತು ಏನು ಮಾಡ್ತೀಯ?' ಅಂತ ಕೇಳಿ. ಯಾವ ನಕ್ಷತ್ರ ಅನ್ನುವುದು ಬೇಡ, ಕೈ ಏನು ಮಾಡುತ್ತಿದೆ ಹೇಳಲಿ. ಪ್ರೋಗ್ರಾಂ ಬರೆಯುತ್ತಾಳಾ, ಉಪಕರಣ ಕಟ್ಟುತ್ತಾಳಾ, ಪೆನ್ನು ಹಿಡಿದು ಬರೀ ಸಮೀಕರಣವಾ? ಉಪಕರಣ ಕಟ್ಟುವವಳಾದರೆ ಇಸ್ರೋ ಕಡೆಗೂ ದಾರಿ ಇದೆ. ಸೂರ್ಯನನ್ನು ನೋಡುವ ಇಸ್ರೋ ನೌಕೆ ಆದಿತ್ಯ ಎಲ್1ರ ಮುಖ್ಯ ಉಪಕರಣವನ್ನು ಖಭೌತ ಸಂಸ್ಥೆಯವರು ಹೊಸಕೋಟೆಯಲ್ಲಿ ಜೋಡಿಸಿದ್ದು. ಇಸ್ರೋ ಅಧ್ಯಕ್ಷರಾಗಿದ್ದ ನಮ್ಮ ಯು.ಆರ್. ರಾವ್ ಅವರನ್ನೇ ನೋಡಿ. ಉಡುಪಿ ಕಡೆಯ ಅದಮಾರಿನವರು. ಪಿಎಚ್‌ಡಿ ಮಾಡಿದ್ದು ವಿಕ್ರಂ ಸಾರಾಭಾಯಿ ಅವರ ಹತ್ತಿರ, ಕಾಸ್ಮಿಕ್ ಕಿರಣಗಳ ಮೇಲೆ. ಆಮೇಲೆ ಅಮೆರಿಕದಲ್ಲಿ ಕೆಲವು ವರ್ಷ ಇದ್ದು 1966ರಲ್ಲಿ ವಾಪಸ್ ಬಂದರು. 1975ರಲ್ಲಿ ಹಾರಿದ ದೇಶದ ಮೊದಲ ಉಪಗ್ರಹ ಆರ್ಯಭಟ, ಪೀಣ್ಯದ ಶೆಡ್ಡುಗಳಲ್ಲಿ ಅವರ ಮುಂದಾಳತ್ವದಲ್ಲೇ ತಯಾರಾಗಿದ್ದು.

ಪೇಟೆಂಟ್ ಕಚೇರಿ, ತಾರಾಲಯ, ಬ್ಯಾಂಕುಗಳ ಲೆಕ್ಕಾಚಾರದ ವಿಭಾಗ, ಇವೆಲ್ಲ ಇದ್ದೇ ಇವೆ. ಆಸ್ಪತ್ರೆಯಲ್ಲಿ ಮೆಡಿಕಲ್ ಫಿಸಿಸಿಸ್ಟ್ ಆಗಬಹುದು ಅಂತ ಯಾರಾದರೂ ಹೇಳಿದರೆ ಒಂದು ನೆನಪಿರಲಿ. ಅದಕ್ಕೆ ವಿಕಿರಣ ಭೌತಶಾಸ್ತ್ರದ ಓದು ಬೇರೆಯೇ ಬೇಕು. ಖಗೋಳದ ಪಿಎಚ್‌ಡಿ ನಡೆಯಲ್ಲ.

ನಿಮ್ಮ ಮನಸ್ಸಿನಲ್ಲಿರುವ ಕಾಲೇಜು ಕೆಲಸದ್ದೂ ಒಂದು ಗುಟ್ಟಿದೆ. ಸಹಾಯಕ ಪ್ರಾಧ್ಯಾಪಕರಾಗಲು ಎಂಎಸ್ಸಿ ಜೊತೆ ನೆಟ್ ಅಥವಾ ಕೆ-ಸೆಟ್ ಅನ್ನುವ ಅರ್ಹತಾ ಪರೀಕ್ಷೆ ಪಾಸಾದರೆ ಸಾಕು, ಪಿಎಚ್‌ಡಿ ಕಡ್ಡಾಯ ಅಲ್ಲ. ಅಂದರೆ ಅಲ್ಲಿ ಅವಳಿಗಿಂತ ಐದಾರು ವರ್ಷ ಚಿಕ್ಕವರೂ ಸಾಲಿನಲ್ಲಿರುತ್ತಾರೆ. ಸರ್ಕಾರಿ ನೇಮಕಾತಿ ಯಾವಾಗ ಕರೆಯುತ್ತಾರೆ ಅನ್ನುವುದು ಮಳೆ ಲೆಕ್ಕದ ಹಾಗೆ, ನಿಮಗೆ ನಾನು ಹೇಳಬೇಕಾ? ನೆಟ್ ಆಗಿಲ್ಲದಿದ್ದರೆ ಸುಮ್ನೆ ಒಂದು ಸಲ ಬರೆದಿಟ್ಟುಕೊಳ್ಳಲಿ.

ಜರ್ಮನಿಗೆ ಹೋಗಲಿ. 28 ದೊಡ್ಡ ವಯಸ್ಸಲ್ಲ. ಆದರೆ ಎಷ್ಟು ಪೋಸ್ಟ್‌ಡಾಕ್ ಅಂತ ಅವಳೇ ಮೊದಲೇ ಒಂದು ಗೆರೆ ಹಾಕಿಕೊಂಡರೆ ಒಳ್ಳೆಯದು. ನಾನು ಹಾಕಿಕೊಳ್ಳಲಿಲ್ಲ, ಮೂರನೆಯದಕ್ಕೂ ಅರ್ಜಿ ಹಾಕಿದ್ದೆ. ಸೆಪ್ಟೆಂಬರಿನಿಂದ ಡಿಸೆಂಬರ್‌ವರೆಗೆ ಅರ್ಜಿಗಳ ಸುಗ್ಗಿ. ಆಗಲೇ ಪ್ರಬಂಧವನ್ನೂ ಬರೆಯುತ್ತಿದ್ದರೆ ಅವಳು ಫೋನ್ ಎತ್ತದೇ ಇರಬಹುದು, ಎತ್ತಿದರೂ ಸಿಡುಕಬಹುದು. ಅಪ್ಪೆಮಿಡಿ ಉಪ್ಪಿನಕಾಯಿ ಕಳಿಸಿ.

ಅವಳು ಹೊರಟಾಗ ನೆಂಟರಿಗೆ 'ಜರ್ಮನಿಯಲ್ಲಿ ಕೆಲಸ ಸಿಕ್ಕಿದೆ' ಅನ್ನಿ. ಸುಳ್ಳೇನಲ್ಲವಲ್ಲ. ಸಂಬಳ ಎಷ್ಟು ಅಂತ ಕೇಳೇ ಕೇಳುತ್ತಾರೆ. ಯೂರೋದಲ್ಲಿ ಹೇಳಿ, ರೂಪಾಯಿಗೆ ಅವರೇ ಪರಿವರ್ತಿಸಿಕೊಳ್ಳಲಿ.